ಮುಂದೆ ಬಾಲ, ಹಿಂದೆ ಎಂಜಿನ್: ಕೈಯಾರೆ ಕಟ್ಟುವ ಕೆನಾರ್ಡ್ ವಿಮಾನ

1987ರ ಫೆಬ್ರುವರಿಯಲ್ಲಿ ಬೆಂಗಳೂರಿನ ಆಕಾಶದಲ್ಲಿ ವಿಚಿತ್ರ ಆಕಾರದ ಪುಟ್ಟ ವಿಮಾನವೊಂದು ಮೊದಲ ಬಾರಿಗೆ ಹಾರಿತು. ಎಂಜಿನ್ ಮತ್ತು ಪ್ರೊಪೆಲರ್ ಹಿಂಬದಿಯಲ್ಲಿದ್ದವು. ದೊಡ್ಡ ರೆಕ್ಕೆಯೂ ಹಿಂದಕ್ಕೇ ಸರಿದಿತ್ತು. ಬಾಲದಲ್ಲಿರಬೇಕಾದ ಚಿಕ್ಕ ರೆಕ್ಕೆ ಮೂಗಿನ ಬಳಿ ಕುಳಿತಿತ್ತು. ಬಾಲವೆಂಬುದೇ ಇರಲಿಲ್ಲ. ನೋಡಿದವರಿಗೆ ಅದು ಹಿಮ್ಮುಖವಾಗಿ ಹಾರುತ್ತಿದೆಯೇನೋ ಎಂಬ ಭ್ರಮೆ ಹುಟ್ಟಿದ್ದರೆ ಆಶ್ಚರ್ಯವಿಲ್ಲ.

ಅದನ್ನು ನಿರ್ಮಿಸಿದ್ದು ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಅಂದರೆ ಎನ್‌ಎಎಲ್. ಹೆಸರು 'ಲಘು ಕೆನಾರ್ಡ್ ಸಂಶೋಧನಾ ವಿಮಾನ', ಸಂಕ್ಷಿಪ್ತವಾಗಿ ಎಲ್‌ಸಿಆರ್‌ಎ. ಆಗ ಪ್ರಯೋಗಾಲಯದ ನಿರ್ದೇಶಕರಾಗಿದ್ದವರು ರೊದ್ದಂ ನರಸಿಂಹ. ಕನ್ನಡದಲ್ಲಿ ವಿಜ್ಞಾನ ಬರೆದ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಆರ್.ಎಲ್. ನರಸಿಂಹಯ್ಯನವರ ಪುತ್ರ ಇವರು ಎಂಬುದನ್ನು ಹಿರಿಯ ಓದುಗರು ನೆನಪಿಸಿಕೊಳ್ಳಬಹುದು. ಇಲ್ಲಿ ಗಮನಾರ್ಹ ಸಂಗತಿಯೊಂದಿದೆ. ಸರ್ಕಾರಿ ಪ್ರಯೋಗಾಲಯವೊಂದು ಕೈಗೆತ್ತಿಕೊಂಡ ಈ ವಿಮಾನಕ್ಕೆ ಆಧಾರವಾದದ್ದು ಯಾವುದೇ ದೊಡ್ಡ ಕಾರ್ಖಾನೆಯ ನಕ್ಷೆಯಲ್ಲ. ಅಮೆರಿಕದ ಹವ್ಯಾಸಿಗಳು ತಮ್ಮ ಮನೆಯ ಗ್ಯಾರೇಜುಗಳಲ್ಲಿ ಕಟ್ಟಿಕೊಳ್ಳಲೆಂದು ಬರ್ಟ್ ರುಟಾನ್ ಎಂಬ ವಿನ್ಯಾಸಕಾರ ರೂಪಿಸಿದ 'ಲಾಂಗ್-ಈಜಿ' ವಿಮಾನದ ವಿನ್ಯಾಸ ಅದು.

ಬಾತುಕೋಳಿಯ ಕುತ್ತಿಗೆ

'ಕೆನಾರ್ಡ್' ಎಂಬುದು ಫ್ರೆಂಚ್ ಪದ, ಬಾತುಕೋಳಿ ಎಂದರ್ಥ. ಹಾರುವ ಬಾತುಕೋಳಿಯ ಉದ್ದನೆಯ ಕುತ್ತಿಗೆ ಮುಂದೆ ಚಾಚಿ, ರೆಕ್ಕೆಗಳು ಬಹಳ ಹಿಂದೆ ಇರುವಂತೆ ತೋರುತ್ತದೆ. ಈ ವಿಮಾನಗಳ ಆಕಾರವೂ ಹಾಗೆಯೇ. ಮುಂಭಾಗದ ಆ ಚಿಕ್ಕ ರೆಕ್ಕೆಯನ್ನೂ ಕೆನಾರ್ಡ್ ಎಂದೇ ಕರೆಯುವುದು ರೂಢಿ.

ಇದು ಹೊಸ ಕಲ್ಪನೆಯೇನಲ್ಲ. 1903ರ ಡಿಸೆಂಬರ್ 17ರಂದು ರೈಟ್ ಸಹೋದರರು ಹಾರಿಸಿದ ಮೊದಲ ವಿಮಾನಕ್ಕೂ ಮುಂದೆಯೇ ಚಿಕ್ಕ ರೆಕ್ಕೆಯಿತ್ತು. 1906ರಲ್ಲಿ ಪ್ಯಾರಿಸ್‌ನಲ್ಲಿ ಸಾಂಟೋಸ್ ಡುಮಾಂಟ್ ಹಾರಿಸಿದ್ದೂ ಅಂತಹುದನ್ನೇ. ಜರ್ಮನಿಯ ಗ್ಲೈಡರ್ ಸಾಹಸಿ ಆಟೊ ಲಿಲಿಯೆಂಥಾಲ್ 1896ರಲ್ಲಿ ನೆಲಕ್ಕಪ್ಪಳಿಸಿ ಮೃತಪಟ್ಟದ್ದು ರೈಟ್ ಸಹೋದರರ ಮನಸ್ಸಿನಲ್ಲಿತ್ತು. ಮುಂದೆ ರೆಕ್ಕೆಯಿದ್ದರೆ ಮೂಗು ಹಠಾತ್ತನೆ ಕೆಳಗೆ ಬೀಳುವುದು ತಪ್ಪುತ್ತದೆ ಎಂಬ ನಂಬಿಕೆ ಅವರದಾಗಿತ್ತು. ಮುಂದೆ ವಿಮಾನ ವಿನ್ಯಾಸವು ಬಾಲವನ್ನು ಹಿಂದಕ್ಕೆ ಒಯ್ದಿತು. ಕೆನಾರ್ಡ್ ಬಹುಕಾಲ ಮೂಲೆಗುಂಪಾಯಿತು.

ಯಲಹಂಕದ ಏರೋ ಇಂಡಿಯಾ ಪ್ರದರ್ಶನಕ್ಕೆ ಹೋದವರು ಸುಖೋಯ್-30 ಎಂಕೆಐ, ರಫೇಲ್ ಮುಂತಾದ ಯುದ್ಧವಿಮಾನಗಳಲ್ಲಿ ಚಾಲಕನ ಆಸುಪಾಸಿನಲ್ಲಿ ಪುಟ್ಟ ರೆಕ್ಕೆಗಳನ್ನು ಕಂಡಿರುತ್ತಾರೆ. ಅವೂ ಕೆನಾರ್ಡ್‌ಗಳೇ. ಆದರೆ ಉದ್ದೇಶ ಬೇರೆ. ಅಲ್ಲಿ ಕಂಪ್ಯೂಟರ್ ಕ್ಷಣಕ್ಷಣಕ್ಕೂ ಆ ರೆಕ್ಕೆಗಳನ್ನು ತಿರುಗಿಸುತ್ತಾ, ವಿಮಾನವು ಚಕ್ಕನೆ ಹೊರಳುವಂತೆ ಮಾಡುತ್ತದೆ. ಮನೆಯಲ್ಲಿ ಕಟ್ಟುವ ವಿಮಾನದಲ್ಲಿ ಕಂಪ್ಯೂಟರ್ ಇಲ್ಲ. ಅಲ್ಲಿ ಕೆನಾರ್ಡ್ ಭಾರ ಹೊರುವ ಕೂಲಿಯಾಳು.

ಪಲ್ಲಕ್ಕಿಯ ಲೆಕ್ಕ

ಸಾಮಾನ್ಯ ವಿಮಾನದಲ್ಲಿ ಬಾಲದ ರೆಕ್ಕೆ ಮೇಲಕ್ಕೆ ಎತ್ತುವುದಿಲ್ಲ. ಬಹುತೇಕ ಸಂದರ್ಭಗಳಲ್ಲಿ ಅದು ಕೆಳಕ್ಕೆ ಒತ್ತುತ್ತದೆ. ವಿಮಾನದ ಗುರುತ್ವ ಕೇಂದ್ರವು ಮುಖ್ಯ ರೆಕ್ಕೆಯ ಎತ್ತುವ ಬಿಂದುವಿಗಿಂತ ಸ್ವಲ್ಪ ಮುಂದಿರುವುದರಿಂದ ಮೂಗು ಬಾಗಲು ನೋಡುತ್ತದೆ. ಅದನ್ನು ಸರಿದೂಗಿಸಲು ಬಾಲವು ಏತದ ಹಿಂಬದಿಯ ಕಲ್ಲಿನಂತೆ ಕೆಳಗೆ ಜಗ್ಗುತ್ತದೆ. ಹೀಗೆ ಜಗ್ಗುವ ಭಾರವನ್ನೂ ಮುಖ್ಯ ರೆಕ್ಕೆಯೇ ಹೊರಬೇಕು.

ಕೆನಾರ್ಡ್ ವಿಮಾನದ ಲೆಕ್ಕ ಪಲ್ಲಕ್ಕಿಯದು. ಮುಂದಿನ ಬೋಯಿಯೂ ಎತ್ತುತ್ತಾನೆ, ಹಿಂದಿನ ಬೋಯಿಯೂ ಎತ್ತುತ್ತಾನೆ. ಭಾರ ಇಬ್ಬರ ನಡುವೆ ತೂಗುತ್ತದೆ. ಎರಡೂ ರೆಕ್ಕೆಗಳು ಮೇಲಕ್ಕೇ ಎತ್ತುವುದರಿಂದ ಅಷ್ಟರಮಟ್ಟಿಗೆ ಲಾಭ. ಕೆನಾರ್ಡ್ ಪ್ರೇಮಿಗಳು ಈ ಲಾಭವನ್ನು ಕೆಲವೊಮ್ಮೆ ಉತ್ಪ್ರೇಕ್ಷಿಸುವುದುಂಟು. ಮುಂದಿನ ರೆಕ್ಕೆ ಕಲಕಿದ ಗಾಳಿ ಹಿಂದಿನ ರೆಕ್ಕೆಯ ಒಳಭಾಗಕ್ಕೆ ಬಡಿದು ಅದರ ಕೆಲಸ ಕೆಡಿಸುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹವ್ಯಾಸಿಗಳ ಮಟ್ಟಿಗೆ ನಿಜವಾದ ಆಕರ್ಷಣೆ ಬೇರೊಂದಿದೆ. ರೆಕ್ಕೆಯೊಂದು ಗಾಳಿಗೆ ಎದುರಾಗಿ ಹೆಚ್ಚು ಹೆಚ್ಚು ಓರೆಯಾದಂತೆಲ್ಲ ಎತ್ತುವ ಬಲ ಏರುತ್ತದೆ. ಆದರೆ ಒಂದು ಮಿತಿ ದಾಟಿದೊಡನೆ ಗಾಳಿಯ ಹರಿವು ರೆಕ್ಕೆಯ ಮೇಲ್ಮೈಯಿಂದ ಕಿತ್ತುಬಂದು ಬಲ ಕುಸಿಯುತ್ತದೆ. ಇದನ್ನು ವಿಮಾನಯಾನದ ಭಾಷೆಯಲ್ಲಿ 'ಸ್ಟಾಲ್' ಎನ್ನುತ್ತಾರೆ. ನೆಲಕ್ಕೆ ಸಮೀಪದಲ್ಲಿ, ನಿಧಾನಗತಿಯಲ್ಲಿ ತಿರುಗುವಾಗ ಸ್ಟಾಲ್ ಆಗಿ ಸುತ್ತುತ್ತಾ ಬಿದ್ದು ಸತ್ತ ಚಾಲಕರ ಸಂಖ್ಯೆ ಸಣ್ಣದಲ್ಲ. ಕೆನಾರ್ಡ್ ವಿಮಾನದಲ್ಲಿ ಮುಂದಿನ ರೆಕ್ಕೆಯು ಹಿಂದಿನದಕ್ಕಿಂತ ಮೊದಲೇ ಸ್ಟಾಲ್ ಆಗುವಂತೆ ವಿನ್ಯಾಸಗೊಳಿಸುತ್ತಾರೆ. ಚಾಲಕ ಕೋಲನ್ನು ಎಷ್ಟೇ ಎಳೆದರೂ ಕೆನಾರ್ಡ್ ಮೊದಲು ಸೋತು ಮೂಗು ತುಸು ಬಾಗುತ್ತದೆ, ವೇಗ ಹೆಚ್ಚುತ್ತದೆ, ಕೆನಾರ್ಡ್ ಮತ್ತೆ ಚೇತರಿಸಿಕೊಳ್ಳುತ್ತದೆ. ಮುಖ್ಯ ರೆಕ್ಕೆ ಆ ಅಪಾಯದ ಮಿತಿಯನ್ನು ತಲುಪುವುದೇ ಇಲ್ಲ. ವಿಮಾನ ಮೆಲ್ಲಗೆ ತಲೆಯಾಡಿಸುತ್ತಾ ಹಾರುತ್ತಲೇ ಇರುತ್ತದೆ.

ಈ ವರಕ್ಕೆ ಬೆಲೆಯಿದೆ. ಮುಖ್ಯ ರೆಕ್ಕೆಯ ಪೂರ್ಣ ಸಾಮರ್ಥ್ಯ ಎಂದೂ ಬಳಕೆಯಾಗದ ಕಾರಣ ಇಳಿಯುವ ವೇಗ ಹೆಚ್ಚು, ಬೇಕಾಗುವ ರನ್‌ವೇ ಉದ್ದ. ಸಾಮಾನ್ಯ ವಿಮಾನಗಳಂತೆ ರೆಕ್ಕೆಯ ಹಿಂಚಿನಲ್ಲಿ ಫ್ಲಾಪ್ ಇಳಿಸಿ ವೇಗ ತಗ್ಗಿಸುವಂತೆಯೂ ಇಲ್ಲ. ಹಾಗೆ ಮಾಡಿದರೆ ಮೂಗು ಬಾಗುತ್ತದೆ, ಅದನ್ನು ಎತ್ತಿಹಿಡಿಯುವ ಶಕ್ತಿ ಪುಟ್ಟ ಕೆನಾರ್ಡ್‌ಗೆ ಸಾಲದು.

ಎಲ್ಲಕ್ಕಿಂತ ಮುಖ್ಯವಾಗಿ, ಇಡೀ ಸುರಕ್ಷತೆ ನಿಂತಿರುವುದು ಗುರುತ್ವ ಕೇಂದ್ರದ ಮೇಲೆ. ಅದು ನಿಗದಿತ ಮಿತಿಗಿಂತ ಮುಂದಿದ್ದರೆ ಮೂಗು ನೆಲದಿಂದ ಏಳದು. ಹಿಂದಿದ್ದರೆ ಕೆನಾರ್ಡ್ ಸೋಲುವ ಮೊದಲೇ ಮುಖ್ಯ ರೆಕ್ಕೆ ಸೋಲಬಹುದು. ಆಗ ವಿಮಾನ ಮೂಗು ಎತ್ತಿಕೊಂಡೇ ಎಲೆಯಂತೆ ಚಪ್ಪಟೆಯಾಗಿ ಕೆಳಗಿಳಿಯುತ್ತದೆ; ಅದರಿಂದ ಹೊರಬರುವುದು ಬಹುಮಟ್ಟಿಗೆ ಅಸಾಧ್ಯ. ಹಿಂದಿನ ಆಸನ ಗುರುತ್ವ ಕೇಂದ್ರದ ಸಮೀಪವೇ ಇರುವುದರಿಂದ ಪ್ರಯಾಣಿಕ ಇದ್ದರೂ ಇಲ್ಲದಿದ್ದರೂ ಲೆಕ್ಕ ಹೆಚ್ಚು ಬದಲಾಗದು. ಆದರೆ ಮುಂದೆ ಕೂರುವ ಚಾಲಕ ತೀರಾ ಹಗುರವಾಗಿದ್ದರೆ ಮೂಗಿನಲ್ಲಿ ಸೀಸದ ತೂಕ ಇಡಬೇಕಾಗುತ್ತದೆ.

ಕುತೂಹಲವುಳ್ಳವರು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ತೆಳುವಾದ ಥರ್ಮೋಕೋಲ್ ಹಾಳೆಯಿಂದ ಹಿಂದೆ ದೊಡ್ಡ ರೆಕ್ಕೆ, ಮುಂದೆ ತುಸು ಓರೆಯಾಗಿಟ್ಟ ಚಿಕ್ಕ ರೆಕ್ಕೆ ಮಾಡಿ, ಮೂಗಿಗೆ ಜೇಡಿಮಣ್ಣಿನ ಉಂಡೆ ಅಂಟಿಸಿ ತೂರಿ ನೋಡಿ. ಉಂಡೆಯನ್ನು ಅರ್ಧ ಅಂಗುಲ ಹಿಂದೆ ಮುಂದೆ ಸರಿಸಿದರೆ ಹಾರಾಟ ಹೇಗೆ ಬದಲಾಗುತ್ತದೆ ಎಂಬುದು ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಮೊಹಾವಿ ಮರುಭೂಮಿಯಿಂದ

1943ರಲ್ಲಿ ಜನಿಸಿದ ಬರ್ಟ್ ರುಟಾನ್ ಕ್ಯಾಲಿಫೋರ್ನಿಯಾದ ಮೊಹಾವಿಯಲ್ಲಿ ಸಣ್ಣ ಕಾರ್ಯಾಗಾರ ತೆರೆದು ಕೆನಾರ್ಡ್‌ಗೆ ಮರುಜನ್ಮ ಕೊಟ್ಟರು. ಮೊದಲು ಮರದ 'ವ್ಯಾರಿವಿಗ್ಗನ್', ನಂತರ 1975ರಲ್ಲಿ ಫೈಬರ್‌ಗ್ಲಾಸ್‌ನ 'ವ್ಯಾರಿ-ಈಜಿ', 1979ರಲ್ಲಿ ಅದರ ದೊಡ್ಡ ತಮ್ಮ 'ಲಾಂಗ್-ಈಜಿ'. ಅವರು ಮಾರಿದ್ದು ವಿಮಾನವನ್ನಲ್ಲ, ನಕ್ಷೆಗಳನ್ನು. ಕೊಂಡವರು ತಾವೇ ಕಟ್ಟಿಕೊಳ್ಳಬೇಕು. ಅಮೆರಿಕದ ಕಾನೂನು ಕೂಡ ಅದನ್ನೇ ಹೇಳುತ್ತದೆ: ವಿಮಾನದ ಬಹುಪಾಲು ಕೆಲಸವನ್ನು ಹವ್ಯಾಸಿಯೇ ಕಲಿಕೆಗಾಗಿ, ಸಂತೋಷಕ್ಕಾಗಿ ಮಾಡಿರಬೇಕು, ಆಗ ಮಾತ್ರ 'ಪ್ರಾಯೋಗಿಕ' ಎಂಬ ವರ್ಗದಲ್ಲಿ ಹಾರಾಟದ ಅನುಮತಿ.

ಲಾಂಗ್-ಈಜಿಯ ಅಂಕಿಗಳನ್ನು ನೋಡಿ. ರೆಕ್ಕೆಯ ಉದ್ದ ಸುಮಾರು 8 ಮೀಟರ್, ದೇಹದ ಉದ್ದ 5 ಮೀಟರ್‌ಗೆ ತುಸು ಹೆಚ್ಚು. ಖಾಲಿ ತೂಕ ಸುಮಾರು 320 ಕಿಲೋ. 115 ಅಶ್ವಶಕ್ತಿಯ ಎಂಜಿನ್. ಇಬ್ಬರನ್ನು ಹೊತ್ತು ಗಂಟೆಗೆ 230 ಕಿಲೋಮೀಟರ್‌ಗೂ ಹೆಚ್ಚು ವೇಗದಲ್ಲಿ ಸಾಗಬಲ್ಲದು. ಟ್ಯಾಂಕ್ ತುಂಬಿಸಿದರೆ 3,000 ಕಿಲೋಮೀಟರ್ ದಾಟುವ ಸಾಮರ್ಥ್ಯ. ನಮ್ಮ ಅಳತೆಯಲ್ಲಿ ಹೇಳುವುದಾದರೆ, ಜಕ್ಕೂರಿನಿಂದ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ನೇರ ದೂರ ಸುಮಾರು 65 ಕಿಲೋಮೀಟರ್. ಲಾಂಗ್-ಈಜಿಗೆ ಅದು ಹದಿನೈದಿಪ್ಪತ್ತು ನಿಮಿಷದ ಹಾದಿ. ಯಲಹಂಕ ವಾಯುನೆಲೆ ಮತ್ತು ದೇವನಹಳ್ಳಿ ನಿಲ್ದಾಣಗಳ ವಾಯುವಲಯ ನಡುವೆ ಇರುವುದರಿಂದ ಹಾಗೆ ನೇರ ಹಾರಲು ಯಾರೂ ಬಿಡಲಾರರು ಎಂಬುದು ಬೇರೆ ಮಾತು.

ಇದೇ ವಿನ್ಯಾಸಕಾರರ 'ವಾಯೇಜರ್' 1986ರ ಡಿಸೆಂಬರ್ 14ರಿಂದ 23ರವರೆಗೆ ಎಲ್ಲಿಯೂ ಇಳಿಯದೆ, ಇಂಧನ ತುಂಬಿಸಿಕೊಳ್ಳದೆ ಭೂಮಿಯನ್ನು ಸುತ್ತಿಬಂತು. ಚಾಲಕರು ಬರ್ಟ್ ಅವರ ಅಣ್ಣ ಡಿಕ್ ರುಟಾನ್ ಮತ್ತು ಜೀನಾ ಯೇಗರ್. ಅದೂ ಕೆನಾರ್ಡ್ ವಿಮಾನವೇ. ಎರಡು ತಿಂಗಳ ನಂತರ ಬೆಂಗಳೂರಿನಲ್ಲಿ ಎಲ್‌ಸಿಆರ್‌ಎ ಹಾರಿತು.

ಬಿಸಿ ತಂತಿ, ಗಾಜಿನ ಬಟ್ಟೆ, ರಾಳ

ಗಣೇಶನ ಹಬ್ಬಕ್ಕೆ ಥರ್ಮೋಕೋಲ್ ಮಂಟಪ ಮಾಡುವವರನ್ನು ಕಂಡವರಿಗೆ ಈ ವಿಮಾನ ಕಟ್ಟುವ ಮೊದಲ ಹಂತ ಅಪರಿಚಿತವೆನಿಸದು. ವಿದ್ಯುತ್ ಹರಿಸಿ ಕಾಯಿಸಿದ ತಂತಿಯಿಂದ ಕೊಯ್ಯುವ ವಿಧಾನವೇ ಇಲ್ಲಿಯೂ. ಕೊಯ್ಯುವುದು ಥರ್ಮೋಕೋಲ್‌ಗಿಂತ ಬಿಗಿಯಾದ, ಅದೇ ಜಾತಿಯ ನೀಲಿ ಪಾಲಿಸ್ಟೈರೀನ್ ಫೋಮ್ ದಿಮ್ಮಿಯನ್ನು.

ದಿಮ್ಮಿಯ ಎರಡು ತುದಿಗಳಿಗೆ ರೆಕ್ಕೆಯ ಅಡ್ಡಕೊಯ್ತದ ಆಕಾರದ ಅಚ್ಚುಹಲಗೆಗಳನ್ನು ಹೊಡೆಯುತ್ತಾರೆ. ಬುಡದ ಅಚ್ಚು ದೊಡ್ಡದು, ತುದಿಯ ಅಚ್ಚು ಚಿಕ್ಕದು. ಎರಡರ ಅಂಚಿನಲ್ಲೂ ಒಂದೇ ಬಗೆಯ ಅಂಕಿಗಳನ್ನು ಗುರುತಿಸಿರುತ್ತಾರೆ. ಎಳೆದು ಬಿಗಿದ ತಂತಿಯ ಒಂದೊಂದು ತುದಿಯನ್ನು ಒಬ್ಬೊಬ್ಬರು ಹಿಡಿದು, ಒಬ್ಬರು ಅಂಕಿಗಳನ್ನು ಗಟ್ಟಿಯಾಗಿ ಹೇಳುತ್ತಾ ಹೋಗುತ್ತಾರೆ. ಇಬ್ಬರೂ ಏಕಕಾಲಕ್ಕೆ ಆಯಾ ಅಂಕಿಯನ್ನು ದಾಟಬೇಕು. ಒಬ್ಬರು ಮುಂದಾದರೆ ರೆಕ್ಕೆ ತಿರುಚುತ್ತದೆ. ಅವಸರದಿಂದ ಎಳೆದರೆ ತಂತಿಯ ನಡುಭಾಗ ಹಿಂದುಳಿದು ಮೇಲ್ಮೈಯಲ್ಲಿ ತಗ್ಗು ಬೀಳುತ್ತದೆ. ಕೆಲವೇ ನಿಮಿಷಗಳಲ್ಲಿ ಗಾಳಿಯನ್ನು ಸೀಳುವ ಆಕಾರವೊಂದು ದಿಮ್ಮಿಯೊಳಗಿಂದ ಹೊರಬರುತ್ತದೆ. ದುಬಾರಿ ಅಚ್ಚುಗಳಿಲ್ಲದೆ ವಿಮಾನ ಕಟ್ಟಬಹುದೆಂದು ರುಟಾನ್ ತೋರಿಸಿಕೊಟ್ಟದ್ದು ಇದೇ ಉಪಾಯದಿಂದ.

ಎಲ್ಲ ಫೋಮ್‌ಗೂ ಈ ವಿಧಾನ ಸಲ್ಲದು. ಪಾಲಿಯುರೆಥೇನ್ ಫೋಮನ್ನು ಬಿಸಿ ತಂತಿಯಿಂದ ಕೊಯ್ದರೆ ವಿಷಾನಿಲ ಏಳುತ್ತದೆ. ಅದನ್ನು ಚಾಕುವಿನಿಂದ, ಉಪ್ಪುಕಾಗದದಿಂದ ಕೆತ್ತಬೇಕು. ಇತ್ತ ಪಾಲಿಸ್ಟೈರೀನ್‌ಗೆ ಪೆಟ್ರೋಲ್ ತಗುಲಿದರೆ ಕರಗಿಹೋಗುತ್ತದೆ. ಆದ್ದರಿಂದ ರೆಕ್ಕೆಯ ಬುಡದಲ್ಲಿರುವ ಇಂಧನ ಟ್ಯಾಂಕಿನ ಗೋಡೆಗಳಿಗೆ ಬೇರೆ ಫೋಮ್ ಬೇಕು.

ಫೋಮ್‌ಗೆ ತನ್ನದೇ ಆದ ಬಲವಿಲ್ಲ. ಬಲ ಕೊಡುವುದು ಅದರ ಮೇಲೆ ಹಾಸುವ ಗಾಜಿನ ನೂಲಿನ ಬಟ್ಟೆ ಮತ್ತು ಎಪಾಕ್ಸಿ ರಾಳ. ಎರಡು ಬಗೆಯ ಬಟ್ಟೆಗಳಿವೆ. ಒಂದರಲ್ಲಿ ಎಳೆಗಳು ಬಹುಪಾಲು ಒಂದೇ ದಿಕ್ಕಿಗೆ ಸಾಗುತ್ತವೆ. ರೆಕ್ಕೆಯ ಬೆನ್ನೆಲುಬಿನಂತಿರುವ ತೊಲೆಗೆ ಅದನ್ನು ಪದರಪದರವಾಗಿ ಹಾಸುತ್ತಾರೆ. ಇನ್ನೊಂದು ಸಾಮಾನ್ಯ ಬಟ್ಟೆಯಂತೆ ಹಾಸು ಹೊಕ್ಕು ಎರಡೂ ಸಮನಾಗಿರುವುದು. ತಿರುಚುವಿಕೆಯನ್ನು ತಡೆಯಬೇಕಾದಲ್ಲಿ ಅದನ್ನು 45 ಡಿಗ್ರಿ ಓರೆಯಾಗಿ ಹಾಸಬೇಕು. ಮೊದಲು ಫೋಮಿನ ರಂಧ್ರಗಳನ್ನು, ಹಿಟ್ಟಿನಂತಹ ಟೊಳ್ಳು ಗಾಜಿನ ಕಣಗಳನ್ನು ಬೆರೆಸಿದ ರಾಳದಿಂದ ಮುಚ್ಚುತ್ತಾರೆ. ಅದರ ಮೇಲೆ ಬಟ್ಟೆ, ಬಟ್ಟೆಯ ಮೇಲೆ ರಾಳ, ಹೆಚ್ಚಾದ ರಾಳವನ್ನು ರಬ್ಬರ್ ಪಟ್ಟಿಯಿಂದ ಸವರಿ ತೆಗೆಯುವುದು, ಮತ್ತೆ ಬಟ್ಟೆ.

ಕೈಚಳಕ ಇರುವುದು ಇಲ್ಲಿಯೇ. ರಾಳ ಹೆಚ್ಚಾದರೆ ಬಲ ಹೆಚ್ಚುವುದಿಲ್ಲ, ತೂಕ ಮಾತ್ರ ಹೆಚ್ಚುತ್ತದೆ. ಕಡಿಮೆಯಾದರೆ ಬಟ್ಟೆಯೊಳಗೆ ಗಾಳಿ ಉಳಿದು ಬಿಳಿ ಚುಕ್ಕೆಗಳಾಗಿ ಕಾಣುತ್ತದೆ. ಅಲ್ಲಿ ಪದರಗಳು ಬಿಟ್ಟುಕೊಳ್ಳುತ್ತವೆ. ರಾಳ ಮತ್ತು ಗಟ್ಟಿಕಾರಕವನ್ನು ಬೆರೆಸುವ ಅನುಪಾತ ಅಂದಾಜಿಗೆ ಬಿಡುವಂತಹುದಲ್ಲ, ತಕ್ಕಡಿಯಲ್ಲಿ ತೂಗಿಯೇ ಬೆರೆಸಬೇಕು. ಬೆರೆಸಿದ ರಾಳವನ್ನು ಬಟ್ಟಲಿನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಅದು ತನ್ನ ಕಾವಿಗೆ ತಾನೇ ಕುದಿದು ಹೊಗೆಯಾಡುತ್ತದೆ. ಕೈಗವಸಿಲ್ಲದೆ ಕೆಲಸ ಮಾಡಿದವರಿಗೆ ಕಾಲಕ್ರಮೇಣ ಎಪಾಕ್ಸಿ ಅಲರ್ಜಿ ಅಂಟಿಕೊಂಡು, ಕೆಲಸವನ್ನೇ ಕೈಬಿಡಬೇಕಾಗಿ ಬಂದದ್ದುಂಟು. ರೆಕ್ಕೆಯ ಒಂದು ಮೈಯ ಹಾಸುವಿಕೆಯನ್ನು ಹಸಿಯಿರುವಾಗಲೇ ಮುಗಿಸಬೇಕಾದ್ದರಿಂದ ಆ ದಿನ ಗೆಳೆಯರನ್ನೂ ಮನೆಮಂದಿಯನ್ನೂ ಕೂಡಿಸಿಕೊಳ್ಳುವುದು ವಾಡಿಕೆ.

ಈ ವಿಮಾನಗಳೆಲ್ಲ ಬಿಳಿಯವೇ ಏಕೆ ಎಂಬ ಪ್ರಶ್ನೆಗೂ ಉತ್ತರ ರಾಳದಲ್ಲಿದೆ. ಗಟ್ಟಿಯಾದ ಎಪಾಕ್ಸಿ ಒಂದು ಮಟ್ಟದ ಬಿಸಿಯ ನಂತರ ಮೃದುವಾಗತೊಡಗುತ್ತದೆ. ಬಿಸಿಲಿನಲ್ಲಿ ನಿಂತ ಗಾಢ ಬಣ್ಣದ ರೆಕ್ಕೆ ಆ ಮಟ್ಟ ಮುಟ್ಟಬಹುದು. ಬಿಳಿಯ ರೆಕ್ಕೆ ಮುಟ್ಟದು. ನಮ್ಮ ಏಪ್ರಿಲ್ ಬಿಸಿಲಿಗೆ ಈ ಎಚ್ಚರಿಕೆ ಇನ್ನಷ್ಟು ಸಲ್ಲುತ್ತದೆ.

ಮಳೆ, ಕಲ್ಲು ಮತ್ತು ಒಂದು ತಿರುಪು

ಮೊದಲ ತಲೆಮಾರಿನ ಲಾಂಗ್-ಈಜಿಗಳಿಗೆ ಮಳೆಯ ತೊಡಕಿತ್ತು. ಕೆನಾರ್ಡ್‌ನ ಮೇಲ್ಮೈ ಅತ್ಯಂತ ನುಣುಪಾಗಿದ್ದರೆ ಮಾತ್ರ ಪೂರ್ಣ ಬಲ ಕೊಡುವ ಆಕಾರ ಅದಾಗಿತ್ತು. ಮಳೆಹನಿ ಬಿದ್ದೊಡನೆ ಗಾಳಿಯ ಹರಿವು ಕೆಟ್ಟು ಬಲ ತಗ್ಗುತ್ತಿತ್ತು, ಮೂಗು ಬಾಗುತ್ತಿತ್ತು. ಚಾಲಕ ಕೋಲನ್ನು ಎಳೆದು ಸರಿಪಡಿಸಬೇಕಿತ್ತು. ನಂತರ ಜಾನ್ ರಾಂಜ್ ಎಂಬ ತಜ್ಞರು ರೂಪಿಸಿದ ಹೊಸ ಅಡ್ಡಕೊಯ್ತದ ಕೆನಾರ್ಡ್ ಬಂದು ತೊಡಕು ಬಹುತೇಕ ನಿವಾರಣೆಯಾಯಿತು. ಮಳೆಗಾಲ ನಾಲ್ಕು ತಿಂಗಳಿರುವ ನಾಡಿನಲ್ಲಿ ಇದು ಸಣ್ಣ ವಿಷಯವಲ್ಲ.

ಹಿಂಬದಿಯ ಪ್ರೊಪೆಲರ್‌ನಿಂದ ಮುಂದಿನ ನೋಟ ನಿಚ್ಚಳವಾಗಿರುತ್ತದೆ. ಆದರೆ ಚಕ್ರಗಳು ಚಿಮ್ಮಿಸಿದ ಪ್ರತಿಯೊಂದು ಕಲ್ಲೂ ಅದಕ್ಕೇ ಬಡಿಯುತ್ತದೆ. ಎಂಜಿನ್ ಹೊದಿಕೆಯಿಂದ ಸಡಿಲಗೊಂಡ ತಿರುಪು ಕೂಡ ನೆಲಕ್ಕೆ ಬೀಳುವ ಮುನ್ನ ಪ್ರೊಪೆಲರ್ ಮುಟ್ಟಿಯೇ ಬೀಳುತ್ತದೆ. ಹೀಗಾಗಿ ಇದು ಡಾಂಬರು ಅಥವಾ ಕಾಂಕ್ರೀಟ್ ರನ್‌ವೇಯ ವಿಮಾನ, ಹುಲ್ಲುಬಯಲಿನದಲ್ಲ. ಎಂಜಿನ್ ಹಿಂದಿರುವುದರಿಂದ ಚಾಲಕ ಇಳಿದರೆ ಮೂಗು ಮೇಲೆದ್ದು ಹಿಂದಕ್ಕೆ ಮಗುಚಿಕೊಳ್ಳುವ ಸಾಧ್ಯತೆಯೂ ಇದೆ. ಅದಕ್ಕೆಂದೇ ನಿಲ್ಲಿಸುವಾಗ ಮುಂದಿನ ಚಕ್ರವನ್ನು ಮಡಚಿ, ದೇವರಿಗೆ ಅಡ್ಡಬಿದ್ದ ಭಕ್ತನಂತೆ ಮೂಗನ್ನು ನೆಲಕ್ಕೂರಿಸಿ ಬಿಡುತ್ತಾರೆ.

ನಕ್ಷೆಯಿಂದ ಸರಿದರೆ ಏನಾಗಬಹುದು ಎಂಬುದಕ್ಕೆ ಜಗತ್ತಿಗೇ ತಿಳಿದ ಉದಾಹರಣೆ ಗಾಯಕ ಜಾನ್ ಡೆನ್ವರ್ ಅವರ ಸಾವು. 1997ರ ಅಕ್ಟೋಬರ್ 12ರಂದು ಅವರ ಲಾಂಗ್-ಈಜಿ ಕ್ಯಾಲಿಫೋರ್ನಿಯಾದ ಕಡಲಿಗೆ ಬಿತ್ತು. ಅವರು ಆ ವಿಮಾನವನ್ನು ಕಟ್ಟಿದವರಲ್ಲ, ಕೊಂಡವರು. ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಇಂಧನ ಬದಲಿಸುವ ಹಿಡಿಯು ನಕ್ಷೆಯ ಪ್ರಕಾರ ಚಾಲಕನ ಕಾಲುಗಳ ನಡುವೆ ಇರಬೇಕಿತ್ತು. ಕಟ್ಟಿದವರು ಅದನ್ನು ಎಡ ಭುಜದ ಹಿಂದೆ ಇರಿಸಿದ್ದರು. ಅದನ್ನು ಮುಟ್ಟಲು ಹೊರಳಿದಾಗ ಕಾಲು ರಡ್ಡರ್ ಪೆಡಲನ್ನು ಒತ್ತಿರಬೇಕೆಂದು ತನಿಖೆ ತೀರ್ಮಾನಿಸಿತು. ಸ್ಟಾಲ್‌ಗೆ ಜಗ್ಗದ ವಿಮಾನವೂ ಅಂತಹ ಹೊರಳಿಕೆಯಿಂದ ಉಳಿಸಲಾರದು.

ಬೆಂಗಳೂರಿನಲ್ಲಿ ಏನು ಉಳಿಯಿತು

ಎಲ್‌ಸಿಆರ್‌ಎ ಒಂದೇ ಒಂದು ನಿರ್ಮಾಣವಾಯಿತು. ಆದರೆ ಫೋಮ್, ಗಾಜಿನ ಬಟ್ಟೆ, ರಾಳ ಇವುಗಳಿಂದ ಇಡೀ ವಿಮಾನ ಕಟ್ಟುವ ಅನುಭವ ಪ್ರಯೋಗಾಲಯಕ್ಕೆ ದಕ್ಕಿತು. ಅದೇ ಸಂಸ್ಥೆಯ ಇಬ್ಬರು ಕೂರುವ ಸಂಯುಕ್ತ ವಸ್ತುಗಳ ವಿಮಾನ 'ಹಂಸ' 1993ರಲ್ಲಿ ಹಾರಿತು, 2000ದಲ್ಲಿ ಪ್ರಮಾಣಪತ್ರ ಪಡೆಯಿತು. ಅದರ ಹೊಸ ಪೀಳಿಗೆ 2021ರ ಸೆಪ್ಟೆಂಬರ್‌ನಲ್ಲಿ ಹಾರಿತು. ಹಂಸದಲ್ಲಿ ಕೆನಾರ್ಡ್ ಇಲ್ಲ, ಬಾಲ ಹಿಂದೆಯೇ ಇದೆ. ಫ್ಲೈಯಿಂಗ್ ಕ್ಲಬ್ಬುಗಳ ತರಬೇತಿಗೆ ನಿಧಾನವಾಗಿ ಇಳಿಯುವ, ಎಲ್ಲರಿಗೂ ಪರಿಚಿತವಾದ ಆಕಾರವೇ ಸರಿ ಎಂಬುದರಲ್ಲಿ ಅರ್ಥವಿದೆ.

ಹವ್ಯಾಸಿಗಳ ಹಾದಿ ಮಾತ್ರ ನಮ್ಮಲ್ಲಿ ಸುಗಮವಾಗಿಲ್ಲ. ಬೆಂಗಳೂರಿನ ರಾಜ್ ಹಂಸ ಅಲ್ಟ್ರಾಲೈಟ್ಸ್ ತಯಾರಿಸಿದ, ಅಲ್ಯೂಮಿನಿಯಂ ಕೊಳವೆ ಮತ್ತು ಬಟ್ಟೆಯ 'ಎಕ್ಸ್-ಏರ್' ಹಗುರ ವಿಮಾನಗಳು ಹೊರದೇಶಗಳಿಗೂ ಹೋದವು. ಆದರೆ ವ್ಯಕ್ತಿಯೊಬ್ಬ ತಾನೇ ಕಟ್ಟಿದ ವಿಮಾನವನ್ನು ನೋಂದಾಯಿಸುವುದು ಬೇರೆಯೇ ಕಥೆ. ಮುಂಬಯಿಯ ತಾರಸಿಯೊಂದರ ಮೇಲೆ ಆರು ಆಸನಗಳ ವಿಮಾನ ಕಟ್ಟಿದ ಪೈಲಟ್ ಅಮೋಲ್ ಯಾದವ್ ಅವರಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನೋಂದಣಿ ಸಿಕ್ಕಿದ್ದು ವರ್ಷಗಳ ಅಲೆದಾಟದ ನಂತರ, 2017ರ ನವೆಂಬರ್‌ನಲ್ಲಿ. ಅಮೆರಿಕದಲ್ಲಿ ಪರಿಶೀಲನೆ ಮುಗಿದ ಹವ್ಯಾಸಿ ವಿಮಾನಕ್ಕೆ ಮೊದಲ 25 ಅಥವಾ 40 ಗಂಟೆ ಜನವಸತಿಯಿಲ್ಲದ ಗೊತ್ತಾದ ಪ್ರದೇಶದಲ್ಲಷ್ಟೇ ಹಾರಲು ಬಿಟ್ಟು ಪರೀಕ್ಷಿಸುವ ಸರಳ ಪದ್ಧತಿಯಿದೆ. ನಿರ್ಬಂಧ ಬೇಡವೆಂದು ಯಾರೂ ಹೇಳಲಾರರು. ಮೇಲಿಂದ ಬೀಳುವ ವಿಮಾನ ಕಟ್ಟಿದವನ ತಲೆಯ ಮೇಲೆಯೇ ಬೀಳುತ್ತದೆಂಬ ಖಾತರಿಯಿಲ್ಲ. ಆದರೆ ಹಂತಹಂತವಾದ, ಮೊದಲೇ ತಿಳಿದ ದಾರಿಯೊಂದಿದ್ದರೆ ಕಾಲೇಜು ವಿದ್ಯಾರ್ಥಿಗಳೂ ನಿವೃತ್ತ ತಂತ್ರಜ್ಞರೂ ಈ ಕೆಲಸಕ್ಕೆ ಇಳಿಯಬಲ್ಲರು.

ರುಟಾನ್ 1985ರಲ್ಲಿ ಹವ್ಯಾಸಿಗಳಿಗೆ ನಕ್ಷೆ ಮಾರುವುದನ್ನು ನಿಲ್ಲಿಸಿದರು. ಅವರ ಕೈಪಿಡಿ ಹಿಡಿದು ಹೊರಟವರು ನೇರವಾಗಿ ರೆಕ್ಕೆಗೆ ಕೈಹಾಕುವಂತಿರಲಿಲ್ಲ. ಮೊದಲು ಬಟ್ಟೆಯ ಕೆಲವು ಪದರಗಳನ್ನು ಹಾಸಿ, ಒಣಗಿಸಿ, ತೂಗಿ, ರಾಳ ಹೆಚ್ಚಾಯಿತೇ ಎಂದು ನೋಡಬೇಕು. ಬಳಿಕ ಫೋಮಿನ ಪುಟ್ಟ ತೊಲೆಯೊಂದಕ್ಕೆ ಬಟ್ಟೆ ಹೊದಿಸಿ, ಎರಡು ತುದಿಗೆ ಆಸರೆ ಕೊಟ್ಟು, ಅದರ ಮೇಲೆ ತಾನೇ ಹತ್ತಿ ನಿಲ್ಲಬೇಕು. ಮೂರನೆಯ ಪಾಠದಲ್ಲಿ ತಯಾರಾಗುತ್ತಿದ್ದುದು ಕಪಾಟಿನಲ್ಲಿ ಪುಸ್ತಕಗಳು ಉರುಳದಂತೆ ಒರಗಿಸಿಡುವ ಒಂದು ಆಸರೆ.